ತಿದ್ದುವವರ ನಾಲಿಗೆ

ನನ್ನ ತಂಗಿಯ ಮಗಳು ಓದಲಿಕ್ಕೆಂದು ಅಮೆರಿಕಕ್ಕೆ ಹೋದದ್ದು 2022ರಲ್ಲಿ. ಆ ಸುದ್ದಿ ಓಣಿಯಲ್ಲಿ ಹಬ್ಬಿದಾಗ ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. "ಏನ್ ಓದಾಕ ಹೋಗ್ಯಾಳವಾ ಹುಡುಗಿ?" ಎಂದು ಕೇಳಿದಳು. ಡಾಕ್ಟರಿಕೆಯೂ ಅಲ್ಲ, ಕಂಪ್ಯೂಟರೂ ಅಲ್ಲ, ಹೇಗೆ ಹೇಳುವುದು? "ಮಾತು ಬರದವರಿಗೆ, ಉಗ್ಗುವವರಿಗೆ ಮಾತು ಕಲಿಸೂ ವಿದ್ಯಾ ಅಜ್ಜಿ" ಎಂದೆ. ಅಜ್ಜಿ ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿ ನನ್ನ ಮುಖ ನೋಡಿದಳು. "ಮಾತ ಕಲಸಾಕ ಅಷ್ಟ ದೂರ ಯಾಕ ಹೋಗಬೇಕವಾ? ನಾ ಏಳು ಮಕ್ಕಳಿಗೆ ಮನ್ಯಾಗ ಕುಂತ ಕಲಿಸೇನಿ."

ಎಲ್ಲರೂ ನಕ್ಕೆವು. ಆದರೆ ಆಕೆ ಹೇಳಿದ್ದರಲ್ಲಿ ಸುಳ್ಳೇನಿತ್ತು? ನಮ್ಮ ಕಡೆ ಕೂಸನ್ನು ಕಲಘಟಗಿಯ ಬಣ್ಣದ ತೊಟ್ಟಿಲಿಗೆ ಹಾಕಿ, ಬಜೆ ತೇಯ್ದು ನಾಲಿಗೆಗೆ ಸವರಿ, ಜೋಗುಳ ಹಾಡಿ, ಬೈದು, ಮುದ್ದು ಮಾಡಿ ಮಾತು ಕಲಿಸುತ್ತ ಬಂದಿದ್ದೇವೆ. ಅದಕ್ಕಾಗಿ ಯಾರೂ ಸಾಲ ಮಾಡಿ ವಿಮಾನ ಹತ್ತಿರಲಿಲ್ಲ. ನನ್ನ ತಂಗಿ ಮಾತ್ರ ಕಲಘಟಗಿಯಲ್ಲಿ ಕಷ್ಟಪಟ್ಟು ಕಟ್ಟಿಸಿದ ಮನೆಯ ಕಾಗದಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಗಳನ್ನು ಕಳಿಸಿದ್ದಳು. ಆ ಕಾಗದಪತ್ರ ನೆನಪಾದಾಗಲೆಲ್ಲ ನನ್ನ ಮನಸ್ಸಿನಲ್ಲೂ ಅಜ್ಜಿಯ ಪ್ರಶ್ನೆಯೇ ಏಳುತ್ತಿತ್ತು.

ನಮ್ಮ ದುಮ್ಮವಾಡ ಕಲಘಟಗಿ ತಾಲೂಕಿನ ಹಳ್ಳಿ. ಹುಬ್ಬಳ್ಳಿಯವರಿಗೆ ನೀರಸಾಗರ ಕೆರೆಯ ಹೆಸರು ಗೊತ್ತಿರುತ್ತದೆ, ಅದರ ಮಗ್ಗುಲಲ್ಲಿರುವ ನಮ್ಮ ಊರಿನ ಹೆಸರು ಗೊತ್ತಿರುವುದಿಲ್ಲ. ಇಂಥ ಊರಿನಲ್ಲಿದ್ದುಕೊಂಡು ನನಗೂ ಈ ವಿದ್ಯೆಯ ಬಗ್ಗೆ ತಿಳಿದದ್ದು ಆ ಹುಡುಗಿಯಿಂದಲೇ. ಉಗ್ಗುವವರಿಗಷ್ಟೇ ಮೀಸಲಾದ ವಿದ್ಯೆ ಇದಲ್ಲವಂತೆ. ಸೀಳು ಅಂಗುಳದ ಮಗು, ಲಕ್ವಾ ಹೊಡೆದು ಮಾತು ಕಳೆದುಕೊಂಡ ಮುದುಕ, ಕಿವಿ ಕೇಳದ್ದರಿಂದ ಮಾತೇ ಬಾರದ ಕೂಸು, ಗುಟುಕು ನೀರು ನುಂಗಲು ಒದ್ದಾಡುವ ರೋಗಿ, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ನನ್ನಂಥ ಶಾಲಾ ಶಿಕ್ಷಕಿ, ಇವರೆಲ್ಲ ಆ ವಿದ್ಯೆಯ ಬಾಗಿಲಿಗೆ ಬರುವವರೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಆರಂಭವಾಯಿತು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಅದು ತವರುಮನೆ ಇದ್ದ ಹಾಗೆ. ಈಗ ಧಾರವಾಡದ ಕೆಲಗೇರಿಯಲ್ಲೂ ಇಂಥ ಕಾಲೇಜು ಇದೆ.

ಹುಡುಗಿ ಮೊದಲು ಮೈಸೂರಿನಲ್ಲಿ ನಾಲ್ಕು ವರ್ಷ ಓದಿದಳು. ಹೋದ ಮೊದಲ ವಾರವೇ ಫೋನು ಮಾಡಿದ್ದಳು. "ದೊಡ್ಡವ್ವ, ಇಲ್ಲೆ ಅಂಗಡ್ಯಾಗ ನನ್ನ ಕನ್ನಡಾ ಕೇಳಿ ನಗತಾರ. ಜಗಳಾಡಿಧಂಗ ಕೇಳಸತೈತಂತ." ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಮೈಸೂರು. ಅಷ್ಟರಲ್ಲೇ ನಮ್ಮ ಹುಡುಗಿ ಪರದೇಶಿಯಾಗಿಬಿಟ್ಟಿದ್ದಳು! ಹಾಸ್ಟೆಲಿನಲ್ಲಿ ಅವಳ ಜೊತೆಗಿದ್ದವಳು ನೇಪಾಳದ ಹುಡುಗಿ. ಅವಳಂತೂ ಕನ್ನಡದ ಮಕ್ಕಳಿಗೆ ಮಾತು ಕಲಿಸಲಿಕ್ಕೆ ತಾನೇ ಮೊದಲು ಕನ್ನಡ ಕಲಿಯಬೇಕಾಗಿತ್ತು. 'ಹಾಲು' ಅನ್ನಲು ಹೋಗಿ 'ಹಲ್ಲು' ಅನ್ನುತ್ತಿದ್ದಳಂತೆ. ನಮ್ಮವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಾಗೆ ನಕ್ಕದ್ದು ಆಮೇಲೆ ಅವಳಿಗೆ ಬೇರೆಯೇ ರೀತಿಯಲ್ಲಿ ನೆನಪಾಯಿತು.

ಅಮೆರಿಕದಲ್ಲಿ ಈ ವೃತ್ತಿಯ ಪ್ರಮಾಣಪತ್ರ ಬೇಕಾದರೆ ಪುಸ್ತಕ ಓದಿದರೆ ಸಾಲದು. ಒಟ್ಟು 400 ತಾಸಿನ ಅನುಭವ ಬೇಕು. ಅದರಲ್ಲಿ 25 ತಾಸು ಬೇರೆಯವರು ಮಾಡುವುದನ್ನು ನೋಡುವುದು. ಉಳಿದ 375 ತಾಸು ತಾವೇ ಎದುರು ಕುಳಿತು ಮಾಡುವುದು. ಬೇರೆ ವಿದ್ಯೆ ಓದಲು ಹೋದವರಿಗೆ ಇಂಗ್ಲಿಷ್ ಗೊತ್ತಿದ್ದರೆ ಆಯಿತು, ತಪ್ಪೋ ಒಪ್ಪೋ ಕೆಲಸ ನಡೆಯುತ್ತದೆ. ಇವಳಿಗೆ ಹಾಗಲ್ಲ. ಬಡಗಿಗೆ ಉಳಿ ಹೇಗೋ ಹಾಗೆ ಇವಳಿಗೆ ತನ್ನ ಬಾಯೇ ಸಲಕರಣೆ. ಆ ಸಲಕರಣೆ ಸರಿಯಿಲ್ಲ ಎಂದುಬಿಟ್ಟರೆ?

ಹಾಗೇ ಆಯಿತು. ಅವಳಿಗೆ ಒಪ್ಪಿಸಿದ ಮೊದಲ ಮಗು ಆರು ವರ್ಷದ ಹುಡುಗ. ಅವನಿಗೆ 'ರ' ಬರುತ್ತಿರಲಿಲ್ಲ. 'ರ‍್ಯಾಬಿಟ್' ಎನ್ನಲು ಹೋದರೆ 'ವ್ಯಾಬಿಟ್' ಆಗುತ್ತಿತ್ತು. ಈಗ ನೋಡಿ, ನಮ್ಮ ಕನ್ನಡಕ್ಕೆ ಇರುವುದು ಒಂದೇ 'ವ'. ಇಂಗ್ಲಿಷಿನಲ್ಲಿ ಎರಡು. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಆಡುವುದೊಂದು, ತುಟಿ ದುಂಡಗೆ ಮಾಡಿ ಆಡುವುದೊಂದು. ಎರಡನ್ನೂ ನಾವು ಒಂದೇ ಬುಟ್ಟಿಗೆ ಹಾಕುತ್ತೇವೆ. ಆ ಹುಡುಗನ ತಪ್ಪನ್ನು ಅವನಿಗೆ ಆಡಿ ತೋರಿಸಬೇಕಾದಾಗ ಇವಳ ಬಾಯಿಂದ ಆ ಇನ್ನೊಂದು 'ವ' ಬಂತು. ಮಗು ನಕ್ಕು ಇವಳನ್ನೇ ತಿದ್ದಿತು. ಕನ್ನಡಿಯಂಥ ಗಾಜಿನ ಆಚೆ ನಿಂತು ನೋಡುತ್ತಿದ್ದ ಮೇಲ್ವಿಚಾರಕಿ ಸಂಜೆ ಒಂದು ಚೀಟಿ ಬರೆದುಕೊಟ್ಟರು: ನಿನ್ನ ಉಚ್ಚಾರ ಸುಧಾರಿಸುವವರೆಗೆ ಉಚ್ಚಾರದ ಮಕ್ಕಳು ಬೇಡ.

ಅವತ್ತು ರಾತ್ರಿ ಅವಳ ಫೋನು ಬಂದಾಗ ನಮಗೆ ಇಲ್ಲಿ ಬೆಳಗು. ನಾನು ಡಬ್ಬಿಗೆ ರೊಟ್ಟಿ ಕಟ್ಟುತ್ತಿದ್ದೆ. "ನನ್ನ ನಾಲಿಗೀನ ಸರಿ ಇಲ್ಲಂದ ಮ್ಯಾಲ ನಾ ಇನ್ನೊಬ್ಬರದು ಹೆಂಗ ತಿದ್ದಲಿ ದೊಡ್ಡವ್ವ?" ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಇನ್ನೊಂದು ಮಾತು ಹೇಳಿದಳು. ಅವಳ ಹೆಸರಿನಲ್ಲಿ ಒಂದು 'ಳ' ಇದೆ. ಆ ಊರಿನಲ್ಲಿ ಒಬ್ಬರಿಗೂ ಆ 'ಳ' ಬರುವುದಿಲ್ಲ. ಮೇಲ್ವಿಚಾರಕಿಗೂ ಬರುವುದಿಲ್ಲ. ಅದನ್ನು ಯಾರೂ ದೋಷ ಎಂದು ಬರೆದುಕೊಂಡಿಲ್ಲ! "ಅವರಿಗೆ ನನ್ನ ಹೆಸರ ಬರೂದಿಲ್ಲ, ಅದಕ್ಕ ನಾನs ನನ್ನ ಹೆಸರ ಸಣ್ಣದ ಮಾಡಿಕೊಂಡೇನಿ" ಎಂದಳು.

ವಿಚಿತ್ರವೆಂದರೆ ಈ ವಿಷಯದಲ್ಲಿ ಅವರ ಶಾಸ್ತ್ರ ನ್ಯಾಯವನ್ನೇ ಹೇಳುತ್ತದೆ. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 1983ರಲ್ಲೇ ಒಂದು ನಿಲುವು ತಳೆದಿತ್ತು. ಒಂದು ಸಮುದಾಯದವರೆಲ್ಲ ಆಡುವ ಇಂಗ್ಲಿಷಿನ ಯಾವ ರೂಪವೂ ರೋಗವಲ್ಲ, ದೋಷವಲ್ಲ, ಅದು ಬರಿಯ ವ್ಯತ್ಯಾಸ ಎಂದು. 1998ರಲ್ಲಿ ಬೇರೆ ದನಿಯ ಇಂಗ್ಲಿಷ್ ಆಡುವ ವಿದ್ಯಾರ್ಥಿಗಳ ಬಗ್ಗೆಯೂ ಪ್ರತ್ಯೇಕವಾಗಿ ವಿಚಾರ ಮಾಡಿದ್ದರು. ಇದನ್ನೆಲ್ಲ ಅವಳು ತರಗತಿಯಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದಳು. ಆದರೆ ಪುಸ್ತಕದ ನ್ಯಾಯ ಚೀಟಿಯವರೆಗೆ ಬಂದು ಮುಟ್ಟಲು ಬಹಳ ಹೊತ್ತು ಬೇಕು, ಅಲ್ಲವೇ?

ಅವತ್ತು ನಾನು ಅವಳಿಗೆ ಹೇಳಿದ್ದು ಅಪ್ಪಟ ಶಿಕ್ಷಕಿಯ ಮಾತು. "ಅದರಾಗ ಅಳೂದೇನೈತಿ? ಕನ್ನಡಿ ಮುಂದ ಕುಂತು ಕಲತಬಿಡು." ಹೇಳಿ ಫೋನಿಟ್ಟು ಶಾಲೆಗೆ ಹೋದೆ. ಮೊದಲ ತಾಸಿಗೆ ಒಬ್ಬ ಹುಡುಗ ಎದ್ದು ನಿಂತು "ಮನಿಯಿಂದ ಸಾಲಿಗಿ ಬರುವಾಗ" ಎಂದು ಓದಿದ. "ಮನೆ! ಶಾಲೆ!" ಎಂದು ಗದರಿದೆ. ಗದರಿದವಳಿಗೇ ಆ ದನಿ ಎಲ್ಲೋ ಕೇಳಿದಂತೆ ಅನಿಸಿತು. ಗಾಜಿನ ಆಚೆ ನಿಂತವಳು ನಾನೇ ಆಗಿದ್ದೆ.

ಮೂವತ್ತು ವರ್ಷ ನಾನು ಮಾಡಿದ್ದು ಇದನ್ನೇ. ನಮ್ಮ ಮಕ್ಕಳ ಮನಿ, ಸಾಲಿ, ಕುದರಿಗಳನ್ನು ಮನೆ, ಶಾಲೆ, ಕುದುರೆ ಮಾಡಿದ್ದೇನೆ. ನಾನು ಮನೆಗೆ ಹೋದ ಮೇಲೆ ನನ್ನ ಅವ್ವನ ಜೊತೆ ಆಡುತ್ತಿದ್ದ ಭಾಷೆ ಯಾವುದು? ಅದೇ ಮನಿ, ಅದೇ ಸಾಲಿ. ಬೇಂದ್ರೆಯವರು ಇದೇ ಧಾರವಾಡದ ಮಾತಿನಲ್ಲಿ ಕಾವ್ಯ ಬರೆದರು ಎಂದು ಹೆಮ್ಮೆಯಿಂದ ಪಾಠ ಹೇಳುವವಳೂ ನಾನೇ. ಕವಿಯ ಬಾಯಲ್ಲಿ ಬಂದರೆ ಸೊಗಸು, ಹುಡುಗನ ಬಾಯಲ್ಲಿ ಬಂದರೆ ತಪ್ಪು!

ಹಾಗಾದರೆ ತಿದ್ದಲೇಬಾರದೇ? ಅದೂ ಸರಿಯಲ್ಲ. ಊರಿನವರೆಲ್ಲ 'ಸಾಲಿ' ಎನ್ನುವಾಗ ಒಂದು ಮಗು 'ಸಾಲಿ' ಎಂದರೆ ಅದು ಊರಿನ ಮಾತು. ಊರಿನವರೆಲ್ಲ 'ಸಾಲಿ' ಎನ್ನುವಾಗ ಏಳೆಂಟು ವರ್ಷದ ಮಗು 'ತಾಲಿ' ಎಂದರೆ ಅದಕ್ಕೆ ಸಹಾಯ ಬೇಕು. 'ರ' ತಡವಾಗಿ ಬರುವ ಅಕ್ಷರ, ಅವಸರ ಮಾಡಬಾರದು. ಆದರೆ ಕಾಯುತ್ತಲೇ ಕೂಡಬಾರದು. ಮಾತು ತಡವಾದ ಕೂಸಿನ ಕಿವಿ ಮೊದಲು ತೋರಿಸಬೇಕು. ನಮ್ಮಲ್ಲಿ ಕೆಲವರು ಎಲ್ಲವನ್ನೂ ದೋಷ ಎನ್ನುತ್ತಾರೆ, ಕೆಲವರು ಯಾವುದನ್ನೂ ದೋಷ ಎನ್ನುವುದಿಲ್ಲ. ಬೈಯುವುದಕ್ಕೂ ಬಿಟ್ಟುಬಿಡುವುದಕ್ಕೂ ನಡುವೆ ಇನ್ನೊಂದು ದಾರಿ ಇರುತ್ತದೆಂದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಅದರ ಲೆಕ್ಕ ಒಬ್ಬ ಹುಡುಗ ಕೊಡಬೇಕಾಯಿತು.

ನಾನು ಕೆಲಸಕ್ಕೆ ಸೇರಿ ಮೂರು ನಾಲ್ಕು ವರ್ಷವಾಗಿತ್ತು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ ಉಗ್ಗುತ್ತಿದ್ದ. ಹೆಸರು ಕೇಳಿದರೆ ಸಾಕು, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿ, ಮೊದಲ ಅಕ್ಷರದ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದ. ಅದೇ ಹುಡುಗ ಪ್ರಾರ್ಥನೆಯಲ್ಲಿ ಎಲ್ಲರ ಜೊತೆ ಗಡಗಡನೆ ಹಾಡುತ್ತಿದ್ದ. ಸಾಮೂಹಿಕವಾಗಿ ಪಾಠ ಓದಿಸಿದರೆ ಒಂದಕ್ಷರ ತಡೆಯುತ್ತಿರಲಿಲ್ಲ. ಅದನ್ನು ನೋಡಿ ನಾನು ಇವನು ನಾಟಕ ಮಾಡುತ್ತಾನೆಂದು ತಿಳಿದೆ. ಒಂದು ವರ್ಷ ಬೈದೆ. ಹಾಡುವಾಗ, ಹತ್ತು ಜನರ ದನಿಯಲ್ಲಿ ದನಿ ಕೂಡಿಸಿದಾಗ ಉಗ್ಗು ಮಾಯವಾಗುವುದು ಉಗ್ಗಿನ ಸ್ವಭಾವವೇ ಎಂದು ನನಗೆ ತಂಗಿಯ ಮಗಳು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ನೂರರಲ್ಲಿ ಸುಮಾರು ಐದು ಮಕ್ಕಳು ಚಿಕ್ಕಂದಿನಲ್ಲಿ ಒಮ್ಮೆ ಉಗ್ಗುತ್ತಾರಂತೆ. ಹೆಚ್ಚಿನವರದು ತಾನಾಗಿ ಹೋಗುತ್ತದೆ, ನೂರಕ್ಕೊಬ್ಬರಲ್ಲಿ ಉಳಿಯುತ್ತದೆ. ಹಾಗೆ ಉಳಿದವರಲ್ಲಿ ಗಂಡಸರೇ ಹೆಚ್ಚು. ಬಿ.ಎಡ್. ಓದುವಾಗ ಇದನ್ನು ನಾನು ಕಲಿತ ನೆನಪಿಲ್ಲ.

ಮುಂದಿನ ವರ್ಷ ನನಗೆ ಕರುಣೆ ಹುಟ್ಟಿತು. ಬೈಯುವುದನ್ನು ಬಿಟ್ಟೆ. ಅವನ ಸರದಿ ಬಂದಾಗ "ನೀ ಕೂಡಪಾ" ಎಂದು ಮುಂದಿನವನನ್ನು ಎಬ್ಬಿಸತೊಡಗಿದೆ. ಅವನು ಮಾತು ಸುರು ಮಾಡಿದರೆ ನಾನೇ ಮುಗಿಸಿಕೊಡುತ್ತಿದ್ದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಸಮಾಧಾನ ಬೇರೆ. ಆ ವರ್ಷ ಆಗಸ್ಟ್ ಹದಿನೈದರ ಮುಂಚೆ ಅವನು ಒಂದು ಹಾಳೆ ಹಿಡಿದು ಬಂದ. ಸಂಗೊಳ್ಳಿ ರಾಯಣ್ಣನ ಮೇಲೆ ಭಾಷಣ, ತಾನೇ ಬರೆದದ್ದು. ಮಾತಾಡಲು ಹೋಗಲಿಲ್ಲ, ಹಾಳೆಯನ್ನು ನನ್ನ ಮುಂದೆ ಇಟ್ಟು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದ. ನಾನು ಓದಿದೆ. ಬಹಳ ಛಲೋ ಬರೆದಿದ್ದ. ಊರ ಹಿರಿಯರ ಮುಂದೆ ಈ ಹುಡುಗ ತಡವರಿಸಿದರೆ, ಯಾರಾದರೂ ನಕ್ಕರೆ ಎಂದು ನನ್ನ ಕರುಳು ಚುರ್ ಎಂದಿತು. "ನೀ ಭಾಳ ಛಲೋ ಬರದೀಪಾ, ಇದನ್ನ ಅವಗ ಕೊಡೂಣು, ಅವ ಓದತಾನ" ಎಂದು ಗಟ್ಟಿ ಬಾಯಿಯ ಇನ್ನೊಬ್ಬ ಹುಡುಗನಿಗೆ ಹಾಳೆ ಕೊಟ್ಟೆ. ಅವನು ಚೆನ್ನಾಗಿಯೇ ಓದಿದ. ಚಪ್ಪಾಳೆ ಬಿತ್ತು. ಬರೆದವನೂ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ನನ್ನಿಂದಲೇ ಬಿಟ್ಟ ಎನ್ನಲಾರೆ. ಹೊಲದ ಕೆಲಸ ಇತ್ತು, ತಂದೆಗೆ ಆರೋಗ್ಯವಿರಲಿಲ್ಲ. ಆದರೆ ನನ್ನಿಂದ ಅಲ್ಲವೇ ಅಲ್ಲ ಎಂದೂ ಹೇಳಲಾರೆ.

ಇದೆಲ್ಲ ಮತ್ತೆ ಕೆದಕಿದ್ದು ತಂಗಿಯ ಮಗಳು ಹೇಳಿದ ಅಮೆರಿಕದ್ದೇ ಒಂದು ಕಥೆ. 1939ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ವೆಂಡೆಲ್ ಜಾನ್ಸನ್ ಎಂಬ ಪ್ರಾಧ್ಯಾಪಕರಿದ್ದರು. ಸ್ವತಃ ಉಗ್ಗುತ್ತಿದ್ದವರು. ಮಗುವಿನ ಸಹಜ ತಡವರಿಕೆಯನ್ನು ದೊಡ್ಡವರು ದೋಷವೆಂದು ಕರೆದದ್ದರಿಂದಲೇ ಉಗ್ಗು ಹುಟ್ಟುತ್ತದೆ ಎಂಬುದು ಅವರ ಗುಮಾನಿ. ಅದನ್ನು ಪರೀಕ್ಷಿಸಲು ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಡೇವನ್‌ಪೋರ್ಟ್ ಊರಿನ ಅನಾಥಾಶ್ರಮಕ್ಕೆ ಹೋದಳು. ಒಟ್ಟು 22 ಮಕ್ಕಳು. ಅವರಲ್ಲಿ ಸರಿಯಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ ನಿಮ್ಮ ಮಾತು ಸರಿಯಿಲ್ಲ, ಉಗ್ಗು ಸುರುವಾಗುತ್ತಿದೆ, ತಪ್ಪಿಲ್ಲದೆ ಆಡಲು ಆಗದಿದ್ದರೆ ಆಡಲೇಬೇಡಿ ಎಂದು ಹೇಳುತ್ತ ಬಂದಳು. ಮಕ್ಕಳು ಮಾತು ಕಡಿಮೆ ಮಾಡಿದರು. ಒಂದೊಂದೇ ಶಬ್ದದಲ್ಲಿ ಉತ್ತರ ಕೊಡತೊಡಗಿದರು, ಮುಖ ಮುಚ್ಚಿಕೊಂಡರು. 2001ರಲ್ಲಿ ಇದು ಪತ್ರಿಕೆಯಲ್ಲಿ ಬಯಲಾಗಿ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ಸರಕಾರ ಬದುಕಿದ್ದವರಿಗೂ ಸತ್ತವರ ವಾರಸುದಾರರಿಗೂ ಕೂಡಿಸಿ 9,25,000 ಡಾಲರ್ ಕೊಟ್ಟಿತು. ಅಷ್ಟರಲ್ಲಿ ಆ ಮಕ್ಕಳ ಆಯುಷ್ಯವೇ ಕಳೆದುಹೋಗಿತ್ತು.

ಜಾನ್ಸನ್ನರ ಗುಮಾನಿ ಪೂರ್ತಿ ನಿಜವಲ್ಲವೆಂದು ಆಮೇಲಿನ ಶಾಸ್ತ್ರ ಹೇಳಿತು. ಉಗ್ಗು ತಂದೆತಾಯಿಯರ ಬೈಗುಳದಿಂದ ಹುಟ್ಟುವುದಲ್ಲ. ಅದಕ್ಕೆ ಮೆದುಳಿನಲ್ಲಿ, ವಂಶದಲ್ಲಿ ಬೇರುಗಳಿವೆ. 2010ರಲ್ಲಿ ಪಾಕಿಸ್ತಾನದ ಕೆಲವು ಕುಟುಂಬಗಳನ್ನು ಅಭ್ಯಾಸ ಮಾಡಿ ಅದಕ್ಕೆ ಸಂಬಂಧಿಸಿದ ಜೀನನ್ನೂ ಗುರುತಿಸಿದರು. ಓದುವ ತಾಯಂದಿರಲ್ಲಿ ಯಾರ ಮಗುವಾದರೂ ಉಗ್ಗುತ್ತಿದ್ದರೆ ನೀವು ತಪ್ಪಿತಸ್ಥರೆಂದು ಕೊರಗಬೇಡಿ. ಆದರೆ ಉಗ್ಗು ಹುಟ್ಟಿಸಲಾಗದಿದ್ದರೂ ಒಂದು ಮಗುವಿನ ಮಾತಾಡುವ ಆಸೆಯನ್ನು ದೊಡ್ಡವರು ಕೊಲ್ಲಬಲ್ಲರು. ಅಷ್ಟು ಮಾತ್ರ ಆ ಅನಾಥಾಶ್ರಮದಲ್ಲಿ ನಿಜವಾಯಿತು. ಆಡಲೇಬೇಡಿ ಎಂದು ಅವರು ಹೇಳಿದ್ದಕ್ಕೂ "ನೀ ಕೂಡಪಾ" ಎಂದು ನಾನು ಹೇಳಿದ್ದಕ್ಕೂ ಎಷ್ಟು ಫರಕು? ಅವರದು ಪ್ರಯೋಗ, ನನ್ನದು ಕರುಣೆ. ಕೂತವನಿಗೆ ಎರಡೂ ಒಂದೇ.

ಆ ಹುಡುಗ ಈಗ ನಲವತ್ತರ ಗಂಡಸು. ಊರಲ್ಲೇ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಕಳೆದ ವರ್ಷ ಅವನ ಮಗಳು ನನ್ನ ತರಗತಿಗೆ ಬಂದಳು. ಪಾಲಕರ ಸಭೆಯ ದಿನ ಎಲ್ಲರೂ ಹೋದ ಮೇಲೆ ಅವನು ಒಬ್ಬನೇ ಉಳಿದ. ನಾನೇ ವಿಷಯ ತೆಗೆದೆ. "ನಿನಗ ನಾ ಭಾಳ ಬೈದೇನಿ ಹೌದಿಲ್ಲೋ?" ಎಂದೆ. ಅವನು ಉತ್ತರಿಸಲು ಬಾಯಿ ತೆರೆದ, ಮಾತು ಹಿಡಿದುಕೊಂಡಿತು. ನನ್ನ ನಾಲಿಗೆಯ ತುದಿಗೆ ಅವನ ವಾಕ್ಯದ ಉಳಿದರ್ಧ ಬಂದು ನಿಂತಿತ್ತು. ನುಂಗಿಕೊಂಡೆ. ಗೋಡೆಯ ಗಡಿಯಾರ ನೋಡದಂತೆ ಅವನ ಮುಖವನ್ನೇ ನೋಡುತ್ತ ಕುಳಿತೆ. ಅಷ್ಟು ಹೊತ್ತು ಸುಮ್ಮನಿರುವುದು ಶಿಕ್ಷಕಿಗೆ ಎಷ್ಟು ಕಷ್ಟವೆಂದು ಆವತ್ತು ತಿಳಿಯಿತು. ಕೊನೆಗೆ ಅವನು ತಡೆತಡೆದು ಹೇಳಿದ, "ಬೈದದ್ದು ನೆನಪಿಲ್ರಿ ಅಕ್ಕೋರ. ಆ ಹಾಳಿ ಒಂದ ನೆನಪೈತ್ರಿ." ಅವನು ಹೇಳುತ್ತಿದ್ದದ್ದು ನಾನು ಅಂದುಕೊಂಡ ವಾಕ್ಯವಾಗಿರಲೇ ಇಲ್ಲ.

ತಪ್ಪಾಯಿತು ಎಂದೆ. ಅವನು ಹೂಂ ಎಂದ. ಇರಲಿ ಬಿಡ್ರಿ ಎಂದು ಸಮಾಧಾನ ಹೇಳಲಿಲ್ಲ. ಅದೇ ಸರಿ ಅನ್ನಿಸಿತು.

ಒಬ್ಬರ ಮಾತು ತಿದ್ದುವ ಅಧಿಕಾರ ಇನ್ನೊಬ್ಬರಿಗೆ ಎಲ್ಲಿಂದ ಬರುತ್ತದೆ ಎಂದು ಈಗ ಆಗಾಗ ವಿಚಾರ ಮಾಡುತ್ತೇನೆ. ಸರಿಯಾದ ಉಚ್ಚಾರ ಬಲ್ಲೆನೆಂಬುದರಿಂದ ಬರುವುದಿಲ್ಲ. ಕರುಣೆಯಿಂದಲೂ ಬರುವುದಿಲ್ಲ, ಅದು ನನ್ನ ಅನುಭವ. ಎದುರಿನವರು ಹೇಳಬೇಕೆಂದಿರುವುದನ್ನು ಪೂರ್ತಿ ಕೇಳಿಸಿಕೊಂಡವರಿಗೆ, ಅದೂ ಅವರು ಸಹಾಯ ಬೇಡಿದಷ್ಟಕ್ಕೆ ಮಾತ್ರ, ಆ ಅಧಿಕಾರ ಸಿಗುತ್ತದೇನೋ.

ತಂಗಿಯ ಮಗಳಿಗೆ ಉಚ್ಚಾರದ ಮಕ್ಕಳ ಬದಲು ಲಕ್ವಾ ಹೊಡೆದು ಮಾತು ಹೋದ ಒಬ್ಬ ಮುದುಕನನ್ನು ಒಪ್ಪಿಸಿದ್ದರಂತೆ. ಮನಸ್ಸಿನಲ್ಲಿ ಎಲ್ಲ ಇದೆ, ಬಾಯಿಗೆ ಶಬ್ದ ಸಿಗುವುದಿಲ್ಲ. ಮನೆಯವರು ಅವನ ಪರವಾಗಿ ತಾವೇ ಎಲ್ಲ ಹೇಳಿಬಿಡುತ್ತಿದ್ದರು. ಇವಳಿಗೋ ಅವನ ಊರು, ಅವನ ತಿಂಡಿ, ಅವನ ಆಟ ಒಂದೂ ಗೊತ್ತಿಲ್ಲ. ಊಹಿಸಿ ಮುಗಿಸಿಕೊಡುವ ಹಾಗೇ ಇಲ್ಲ. ಕಾಗದ ಪೆನ್ಸಿಲು ಮುಂದಿಟ್ಟು ಕಾದಳು. ಮೂರನೆಯ ವಾರ ಅವನು ಒಂದು ಟ್ರ್ಯಾಕ್ಟರಿನ ಚಿತ್ರ ಗೀಚಿ ಅದರ ಹೆಸರು ಹೇಳಿದನಂತೆ. "ನಾ ಪರದೇಶದಾಕಿ ಆಗಿದ್ದಕ್ಕs ಕಾದೆ ದೊಡ್ಡವ್ವ" ಎಂದಳು. ಎರಡು 'ವ'ಗಳನ್ನೂ ಅವಳು ಕನ್ನಡಿ ಮುಂದೆ ಕುಳಿತು ಕಲಿತಳು, ಕಲಿಯಲೇಬೇಕಿತ್ತು. ಆ ಆರು ವರ್ಷದ ಮಗುವಿಗೂ ಸರಿಯಾದ ದನಿ ಕೇಳುವ ಹಕ್ಕು ಇತ್ತಲ್ಲ. ಹಾಗೆಯೇ ತನ್ನ ಹೆಸರನ್ನೂ ಮತ್ತೆ ಪೂರ್ತಿ ಹೇಳತೊಡಗಿದ್ದಾಳೆ. ನೇಪಾಳದ ಗೆಳತಿಗೆ ಫೋನು ಮಾಡಿ ಅಂದು ನಕ್ಕದ್ದಕ್ಕೆ ತಪ್ಪಾಯಿತು ಎಂದಳಂತೆ. ಆ ಹುಡುಗಿ ಕನ್ನಡದಲ್ಲೇ "ಹಲ್ಲು ಕುಡಿದೆಯಾ?" ಎಂದು ಕೇಳಿ ನಕ್ಕಳಂತೆ.

ನನ್ನ ಸಮಸ್ಯೆ ಪೂರ್ತಿ ಬಗೆಹರಿದಿಲ್ಲ. ಮಾರ್ಚ್ ತಿಂಗಳ ಉತ್ತರಪತ್ರಿಕೆಯಲ್ಲಿ 'ಮನಿ' ಎಂದು ಬರೆದರೆ ಅಂಕ ಹೋಗುತ್ತದೆ. ಆದ್ದರಿಂದ ಮನೆ ಎಂದು ಬರೆಸುತ್ತೇನೆ. ಇದು ಬರೆಯುವಾಗಿನ ಮಾತು, ಅದು ಆಡುವಾಗಿನ ಮಾತು, ಎರಡೂ ನಿಮ್ಮವೇ ಎಂದು ಈಗ ಕೂಡಿಸಿ ಹೇಳುತ್ತೇನೆ. ಆ ಮಾತು ಎಷ್ಟು ಮಕ್ಕಳ ಕಿವಿಗೆ ಬೀಳುತ್ತದೋ ಗೊತ್ತಿಲ್ಲ. ಈ ವರ್ಷ ಆಗಸ್ಟ್ ಹದಿನೈದಕ್ಕೆ ಭಾಷಣ ಮಾಡುವವರು ಯಾರು ಎಂದಾಗ ಅವನ ಮಗಳು ಕೈ ಎತ್ತಿದಳು. ಅವಳಿಗೆ ಉಗ್ಗಿಲ್ಲ, ದನಿ ಮಾತ್ರ ಸಣ್ಣದು, ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಹೆಸರು ಬರೆದುಕೊಂಡೆ. ಹಾಳೆ ಅವಳ ಕೈಯಲ್ಲೇ ಇತ್ತು.